ಬಾಕಿ ಲೆಕ್ಕ ಬೋರ್ಡಿಗೆ ಹತ್ತಿದ ಮೇಲೆ

ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ವಾಲ್ವ್ ಶೆಡ್ಡಿನಲ್ಲಿ ಸೋಮವಾರ ಬೆಳಿಗ್ಗೆ ಬೋರ್ಡಿನ ಮೇಲೆ ಮೂರು ಸಾಲು ಬೀಳುತ್ತವೆ. ಬರಬೇಕಾದ ಹಣ, ಕೊಡಬೇಕಾದ ಹಣ, ಬ್ಯಾಂಕಿನ ಸಿಸಿ ಲಿಮಿಟ್‌ನಲ್ಲಿ (ಕ್ಯಾಶ್ ಕ್ರೆಡಿಟ್ ಸಾಲದ ಮಿತಿ) ಉಳಿದದ್ದು. ಹೆಲ್ಪರ್‌ಗಳೂ ಓದುತ್ತಾರೆ. ಇದನ್ನು ಶುರು ಮಾಡುವಾಗ ಪಕ್ಕದ ಶೆಡ್ಡಿನವರು ನಕ್ಕಿದ್ದರು. ‘ರೊಕ್ಕ ಇಲ್ಲಂತ ನೀನ ಹೇಳಿದ್ರ, ನಾಳೆ ತಾರಿಹಾಳದಾಗ ಕೆಲಸ ಹಿಡೀತಾರ’ ಅಂದರು. ಎರಡು ವರ್ಷದ ಮೇಲಾಯಿತು. ಬಿಟ್ಟು ಹೋದವರು ಒಬ್ಬರೋ ಇಬ್ಬರೋ. ಅವರ ಶೆಡ್ಡಿನಿಂದ ನಮ್ಮ ಕಡೆ ಬಂದವರು ಅದಕ್ಕಿಂತ ಜಾಸ್ತಿ.

ಮೊದಲ ಸಲ ಬೋರ್ಡ್ ಕೈಕೊಟ್ಟಿತು. ಅದರಲ್ಲಿ ತಿಂಗಳ ಬಿಲ್ಲಿಂಗ್ ಇತ್ತು, 22 ಲಕ್ಷದ ಆಸುಪಾಸು. ಬೆಳಗಾವಿ ಫೌಂಡ್ರಿಯ ಕಾಸ್ಟಿಂಗ್‌ಗೇ, ಅಂದರೆ ಎರಕ ಹೊಯ್ದ ಭಾಗಗಳಿಗೇ, ಅರ್ಧ ಹೋಗುತ್ತದೆ, ಮೇಲಿನ 18% ಜಿಎಸ್‌ಟಿ ನಮ್ಮದಲ್ಲವೇ ಅಲ್ಲ. ಹುಡುಗರು ಅಷ್ಟೂ ಮಾಲೀಕನ ಜೇಬಿಗೆ ಅಂದುಕೊಂಡರು. ಓವರ್‌ಟೈಮ್‌ಗೆ ಯಾರೂ ನಿಲ್ಲಲಿಲ್ಲ. ಆರ್ಡರ್ ತಡವಾಗಿ ದಂಡ ಬಿತ್ತು, ಸುಮಾರು 60 ಸಾವಿರ. ಬಿಲ್ಲಿಂಗ್ ತೆಗೆದು ಬಾಕಿ ಬರೆದರೆ ಯಾರೋ ಫೋಟೊ ಹೊಡೆದು ವಾಟ್ಸಾಪ್‌ಗೆ ಬಿಟ್ಟರು. ಒಬ್ಬ ಸಪ್ಲೈಯರ್ ಉದ್ರಿ ನಿಲ್ಲಿಸಿದ. ಅಂದಿನಿಂದ ಪಾರ್ಟಿ ಹೆಸರು ಬರೆಯಲ್ಲ, ನಮಗಷ್ಟೇ ಗೊತ್ತಿರುವ ಗುರುತು ಹಾಕುತ್ತೇವೆ.

ಬೋರ್ಡ್ ಕೆಲಸಕ್ಕೆ ಬಂದದ್ದು ಹಣ ಬರುವುದು ಪೂರ್ತಿ ನಿಂತ ತಿಂಗಳಲ್ಲಿ. ಒಂದು ದೊಡ್ಡ ಪಾರ್ಟಿ ನಾಲ್ಕು ತಿಂಗಳು ಎಳೆಯಿತು. ಸಣ್ಣ ಉದ್ಯಮಗಳ ಬಿಲ್ ಕೊಡಲು 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದ ಮಿತಿ ಇದೆ. 2024ರಿಂದ ತಡ ಮಾಡುವ ಪಾರ್ಟಿಗೆ ತೆರಿಗೆ ಕಾನೂನಿನ ಚುರುಕೂ ಸೇರಿದೆ. ದೂರು ಕೊಟ್ಟರೆ ಮುಂದಿನ ಆರ್ಡರ್ ಬರಲ್ಲ, ನಿಮಗೂ ಗೊತ್ತು. ಎಲ್ಲರನ್ನೂ ಕೂರಿಸಿ ಹೇಳಿದೆ: ಪಿಎಫ್ 15ರೊಳಗೆ ಕಟ್ಟುತ್ತೇನೆ, ಪೂರ್ತಿ ಪಗಾರಕ್ಕೆ ಹಣ ಇಲ್ಲ, ನನಗೂ ರಾತ್ರಿ ನಿದ್ದೆ ಬರುತ್ತಿಲ್ಲ. ಗಲಾಟೆ ಆಗುತ್ತದೆ ಅಂತ ಕಾದೆ. ಅವರು ಚಹಾ ತರಿಸಿ ಪಟ್ಟಿ ಮಾಡಲು ಕೂತರು. ಬಾಡಿಗೆ, ಬೈಕಿನ ಕಂತು, ಮಕ್ಕಳ ಫೀ ಇದ್ದವರಿಗೆ ಮೊದಲು. ಮದುವೆಯಾಗದ ವಿಎಂಸಿ (ಕಂಪ್ಯೂಟರ್‌ನಿಂದ ಓಡುವ ಲೋಹ ಕೊರೆಯುವ ಮಷಿನ್) ಆಪರೇಟರ್ ತನ್ನ ಹೆಸರು ಕೊನೆಗೆ ಬರೆಸಿದ. ನಾನು ಪಟ್ಟಿ ಮಾಡಿದ್ದರೆ ಜಗಳ ಗ್ಯಾರಂಟಿ.

ನಿಜವಾದ ಲಾಭ ಬಂದದ್ದು ರಿಜೆಕ್ಷನ್‌ನಲ್ಲಿ, ಅಂದರೆ ಕೆಟ್ಟು ಹೋಗುವ ಮಾಲಿನಲ್ಲಿ. ವಾಲ್ವ್ ಬಾಡಿಯ ಬ್ಲೋ ಹೋಲ್ (ಎರಕದಲ್ಲಿ ಗಾಳಿ ಸಿಕ್ಕಿ ಆದ ತೂತು) ಮಷಿನಿಂಗ್ ಆಗುವಾಗಲೇ ಕಂಡರೂ ಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೊನೆಗೆ ನೀರಿನ ಒತ್ತಡ ಹಾಕಿ ನೋಡುವ ಹೈಡ್ರೋ ಟೆಸ್ಟ್‌ನಲ್ಲಿ ನೀರು ಸೋರಿದಾಗಲೇ ಗೊತ್ತಾಗುತ್ತಿತ್ತು. ಫೌಂಡ್ರಿಯವರು ಕಾಸ್ಟಿಂಗ್ ಬದಲಿಸಿ ಕೊಡುತ್ತಾರೆ, ನಮ್ಮ ಮಷಿನ್ ತಾಸಿಗೆ ಯಾರು ಕೊಡುತ್ತಾರೆ? ಈಗ ಮೊದಲ ಕಟ್‌ಗೇ ಕರೆದು ತೋರಿಸುತ್ತಾರೆ. ರಿಜೆಕ್ಷನ್ 7-8% ಇದ್ದದ್ದು 3ರ ಹತ್ತಿರ ಇದೆ. ಮಾಲೀಕ ತನ್ನ ಬಾಕಿ ಹೇಳಿದ ಮೇಲೆ ಅವರು ತಮ್ಮ ತೂತು ಮುಚ್ಚಿಡುವುದು ಬಿಟ್ಟರು.

ನಡುವೆ ಸಲಹೆ ಡಬ್ಬಿಯೂ ಇಟ್ಟು ನೋಡಿದೆ. ಗುಟ್ಕಾ ಚೀಟಿ ಸಿಕ್ಕವು. ಸಿಎ ಅವರನ್ನು ಕರೆಸಿ ಬ್ಯಾಲೆನ್ಸ್ ಶೀಟ್ ಓದಿಸಿದೆ, ಅರ್ಧ ಜನ ತೂಕಡಿಸಿದರು. ಅವರ ಫೀ ಸುಮ್ನೆ ಹೋಯಿತು. 

ಈ ದೀಪಾವಳಿಯ ಬೋನಸ್ ವಾದವೂ ಬೋರ್ಡಿನ ಮುಂದೆಯೇ ನಡೆಯಿತು. ಕಾನೂನು ಹೇಳುವುದು ಪಗಾರದ ಕನಿಷ್ಠ 8.33%. ಅವರು 12 ಕೇಳಿದರು, ನಾನು 10 ಕೊಟ್ಟೆ. ಫೋರ್‌ಮನ್ ಇನ್ನೂ ಗೊಣಗುತ್ತಾನೆ. ಅವನ ಲೆಕ್ಕದಲ್ಲಿ 11 ಆಗಬೇಕಿತ್ತಂತೆ.