ಮೆಲ್ಟಿಂಗ್ ಪಾಯಿಂಟ್ ನಂಬಿ ಕೂರಬೇಡ: ಹುಳದ ಔಷಧಿಯ ಪುಡಿ ಪರೀಕ್ಷಿಸುವ ಬಗೆ

ಕಾರವಾರದಿಂದ ಬೆಳಿಗ್ಗೆ ರೈಲು ಹತ್ತಿ ಗೋವೆಯ ಒಂದು ಮಾತ್ರೆ ಕಾರ್ಖಾನೆಯ ಲ್ಯಾಬಿಗೆ ಹೋಗಿ ಬರುತ್ತಿದ್ದವಳು ನಾನು. ಈಗ ಶಿರಸಿಯ ಅಕ್ಕನ ಮಗಳು ಅಂಥದ್ದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಫೋನು: "ಚಿಕ್ಕಿ, ಮೆಬೆಂಡಜೋಲ್ ಸ್ಯಾಂಪಲ್ ಬಂದಿದೆ, ಅದೇ ಹೊಟ್ಟೆಹುಳದ ಔಷಧಿಯ ಪುಡಿ. ಎಲ್ಲಿಂದ ಶುರು ಮಾಡಲಿ?" ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಸುಮ್ನೆ ನೋಡು. ಬಿಳಿ ಅಥವಾ ತುಸು ಹಳದಿ ಪುಡಿ ಇರಬೇಕು. ಗ್ಲೌಸು, ಮಾಸ್ಕು ಹಾಕಿಕೋ, ನುಣ್ಣಗಿನ ಪುಡಿ ಗಾಳಿಗೆ ಏಳುತ್ತದೆ. ಚಿಟಿಕೆ ಪುಡಿಯನ್ನು ಒಂದು ಬೀಕರ್ ನೀರಿಗೆ ಹಾಕು. ಮುಳುಗುವುದೂ ಇಲ್ಲ, ಕರಗುವುದೂ ಇಲ್ಲ, ಮೇಲೆಯೇ ಪೊರೆಯಂತೆ ಕೂತಿರುತ್ತದೆ. ಒಂದು ಗ್ರಾಂ ಕರಗಲು ಹತ್ತು ಲೀಟರ್ ನೀರೂ ಸಾಲದ ವಸ್ತು ಅದು. ಫಾರ್ಮಿಕ್ ಆಸಿಡ್‌ನಲ್ಲಿ ಮಾತ್ರ ಸಲೀಸಾಗಿ ಕರಗುತ್ತದೆ. ಕಣದ ಗಾತ್ರ ಅಳೆಯಲು ನೀರಿನಲ್ಲಿ ಹರಡಬೇಕಾದರೆ ಒಂದೆರಡು ಹನಿ ಟ್ವೀನ್ 80 (ಸೋಪಿನಂತೆ ಪುಡಿಯನ್ನು ನೀರಿಗೆ ಬೆರೆಸುವ ದ್ರವ) ಬೇಕೇ ಬೇಕು. ಇಲ್ಲದಿದ್ದರೆ ಯಂತ್ರ ಅಳೆಯುವುದು ಕಣವನ್ನಲ್ಲ, ಮುದ್ದೆಯನ್ನು.

ಆಮೇಲೆ ತೇವ. ಚಾಲಿ ಅಡಿಕೆ ಒಣಗಿದೆಯೋ ಇಲ್ಲವೋ ಅಂತ ಶಿರಸಿಯವರು ಕೈಯಲ್ಲಿ ಹಿಡಿದು ಹೇಳಿಬಿಡುತ್ತಾರೆ, ಈ ಪುಡಿಗೆ ಅದು ನಡೆಯುವುದಿಲ್ಲ. ಖಾಲಿ ತೂಕದ ಬಾಟಲಿಯನ್ನು 105 ಡಿಗ್ರಿಯ ಓವನ್‌ನಲ್ಲಿ ಅರ್ಧ ಗಂಟೆ ಇಟ್ಟು, ಡೆಸಿಕೇಟರ್‌ನಲ್ಲಿ (ಒಳಗಿನ ತೇವ ಹೀರುವ ಮುಚ್ಚಿದ ಗಾಜಿನ ಪಾತ್ರೆ) ಆರಿಸಿ, ತೂಗು. ಸುಮಾರು ಒಂದು ಗ್ರಾಂ ಪುಡಿ ತೆಳ್ಳಗೆ ಹರಡಿ ಮತ್ತೆ ತೂಗು. 105 ಡಿಗ್ರಿಯಲ್ಲಿ 4 ಗಂಟೆ ಇಡು. ಆರಿಸಿ ತೂಗು. ಇಳಿದ ತೂಕ 0.5 ಶೇಕಡಾ ದಾಟಬಾರದು, ಅಂದರೆ ಗ್ರಾಮಿಗೆ 5 ಮಿಲಿಗ್ರಾಂ.

ಅಷ್ಟು ಸಣ್ಣ ಲೆಕ್ಕವನ್ನು ನಮ್ಮ ಕರಾವಳಿಯ ಆಷಾಢ ಹಾಳು ಮಾಡುತ್ತದೆ. ಡೆಸಿಕೇಟರ್‌ನ ನೀಲಿ ಸಿಲಿಕಾ ಜೆಲ್ ಗುಲಾಬಿ ಆಗಿದ್ದರೆ ಮೊದಲು ಅದನ್ನು ಓವನ್‌ಗೆ ಹಾಕು, ಸ್ಯಾಂಪಲ್ ಆಮೇಲೆ. ಬಾಟಲಿ ಬೆಚ್ಚಗಿರುವಾಗ ತಕ್ಕಡಿಗೆ ಇಡಬೇಡ. ಬಿಸಿಗಾಳಿ ಮೇಲೇಳುವುದರಿಂದ ತೂಕ ಕಡಿಮೆ ತೋರುತ್ತದೆ, ಅಂಕಿಯೂ ನಿಲ್ಲುವುದಿಲ್ಲ.

ಇನ್ನು ನಾನು ಎಡವಿದ ಜಾಗ. ಕೆಲಸಕ್ಕೆ ಸೇರಿದ ಹೊಸತು. ಕ್ಯಾಪಿಲರಿ ಅನ್ನುವ ಸಣ್ಣ ಗಾಜಿನ ನಳಿಗೆಯಲ್ಲಿ ಪುಡಿ ತುಂಬಿ ಮೆಲ್ಟಿಂಗ್ ಪಾಯಿಂಟ್, ಅಂದರೆ ಎಷ್ಟು ಬಿಸಿಗೆ ಕರಗಿ ದ್ರವ ಆಗುತ್ತದೆ ಅಂತ ನೋಡಿದೆ. 288 ಡಿಗ್ರಿ ಹತ್ತಿರ ಬಂತು. ಪುಸ್ತಕದಲ್ಲೂ ಅಷ್ಟೇ. ಖುಷಿಯಲ್ಲಿ "ಸರಿ ಇದೆ" ಅಂತ ಬರೆದುಬಿಟ್ಟೆ. ಮೇಲಿನವರು ಕರೆದು, "ಯಾವ ಫಾರ್ಮ್ ಅಂತ ನೋಡಿದೆಯಾ?" ಅಂದರು. ನನ್ನ ಮುಖ ಸಪ್ಪಗಾಯಿತು.

ವಿಷಯ ಏನೆಂದರೆ, ಮೆಬೆಂಡಜೋಲ್ ಹರಳು ಕಟ್ಟುವುದು ಮೂರು ಬಗೆಯಲ್ಲಿ: ಎ, ಬಿ, ಸಿ. ಅಣು ಒಂದೇ, ಜೋಡಣೆ ಬೇರೆ. ದ್ರವಕ್ಕೆ ಹಾಕಿದರೆ ಬಿ ಎಲ್ಲಕ್ಕಿಂತ ಜಾಸ್ತಿ ಕರಗುತ್ತದೆ, ಎ ಎಲ್ಲಕ್ಕಿಂತ ಕಡಿಮೆ. ಔಷಧಿಗೆ ಬೇಕಾದದ್ದು ನಡುವಿನ ಸಿ. ಪುಡಿಯಲ್ಲಿ ಬಹುಪಾಲು ಎ ಇದ್ದರೆ ಮಾತ್ರೆ ನುಂಗಿಯೂ ಹುಳಕ್ಕೆ ಏನೂ ಆಗದೆ ಹೋಗಬಹುದು. ಇಂಥದ್ದನ್ನು ಮೆಲ್ಟಿಂಗ್ ಪಾಯಿಂಟ್ ಹಿಡಿಯುವುದಿಲ್ಲ. ಕಾಯಿಸುತ್ತಾ ಹೋದರೆ ಕರಗುವ ಮೊದಲೇ ಸಿ ಎ ಆಗಿಬಿಡುತ್ತದೆ. ನಾವು ನೋಡುವುದು ಎ ಕರಗುವುದನ್ನು!

ಹಾಗಾಗಿ ಫಾರ್ಮ್ ತಿಳಿಯಲು ಐಆರ್ (ಪುಡಿ ಇನ್ಫ್ರಾರೆಡ್ ಬೆಳಕನ್ನು ಎಲ್ಲೆಲ್ಲಿ ಹೀರುತ್ತದೆ ಎಂದು ತೋರುವ ಗೆರೆಚಿತ್ರ) ತೆಗೆ. ಬಂದ ಪುಡಿಯನ್ನೇ ಬಳಸು. ಯಾವುದರಲ್ಲೂ ಕರಗಿಸಿ ಮತ್ತೆ ಹರಳು ಕಟ್ಟಿಸಬೇಡ, ಫಾರ್ಮೇ ಬದಲಾದೀತು. ಒರಳಿನಲ್ಲಿ ಚಟ್ನಿ ಅರೆದಂತೆ ಅರೆಯಲೂಬೇಡ. ಎನ್‌ಎಚ್ ಪಟ್ಟಿ, ಅಂದರೆ ಅಣುವಿನ ಸಾರಜನಕ-ಜಲಜನಕ ಬಂಧ ಬೆಳಕು ಹೀರುವ ಜಾಗ, ಎಲ್ಲಿ ಬಿತ್ತು ನೋಡು. ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕದಲ್ಲಿ, ಸಿ ಆದರೆ 3410 ಸುತ್ತಮುತ್ತ, ಎ ಆದರೆ 3370, ಬಿ ಆದರೆ 3340. ಅಂಕಿ ಒಂದನ್ನೇ ನೆಚ್ಚದೆ, ಸಿ ಫಾರ್ಮಿನ ಸ್ಟ್ಯಾಂಡರ್ಡ್ (ಸಿ ಎಂದು ಖಾತ್ರಿಯಾದ ಮಾದರಿ) ಅದೇ ದಿನ, ಅದೇ ಯಂತ್ರದಲ್ಲಿ ಓಡಿಸಿ ಒಂದರ ಮೇಲೊಂದು ಇಟ್ಟು ನೋಡು. ಸಿ ಒಳಗೆ ಸ್ವಲ್ಪವೇ ಎ ಬೆರೆತಿದ್ದರೆ ಐಆರ್ ಕಣ್ಣಿಗೆ ತಪ್ಪಬಹುದು, ಅನುಮಾನ ಬಂದರೆ ಎಕ್ಸ್‌ಆರ್‌ಡಿಗೆ (ಎಕ್ಸ್-ರೇಯಿಂದ ಹರಳಿನ ಜೋಡಣೆ ನೋಡುವ ಪರೀಕ್ಷೆ) ಕಳಿಸು. ನನ್ನ ಆ ಸ್ಯಾಂಪಲ್‌ನಲ್ಲಿ ಎ ಬೆರೆತಿತ್ತು. ಇಡೀ ಡ್ರಮ್ಮು ವಾಪಸ್ ಹೋಯಿತು.

ಕೊನೆಗೆ ಸಾಂದ್ರತೆ. ಸೇರಿನಲ್ಲಿ ಅವಲಕ್ಕಿ ಅಳೆಯುವಾಗ ತಟ್ಟಿದರೆ ಇನ್ನೂ ಒಂದು ಹಿಡಿ ಹಿಡಿಯುತ್ತದಲ್ವಾ? ಅದೇ ಇಲ್ಲೂ. 250 ಮಿಲಿ ಸಿಲಿಂಡರ್‌ಗೆ 100 ಗ್ರಾಂ ಪುಡಿ ಒತ್ತದೆ ಸುರಿದು ಮಟ್ಟ ಓದು. ಆಮೇಲೆ ಯಂತ್ರದಲ್ಲಿ 10, 500, 1250 ಸಲ ತಟ್ಟಿಸಿ ಓದು. ಕೊನೆಯ ಎರಡರ ನಡುವೆ 2 ಮಿಲಿಗಿಂತ ಜಾಸ್ತಿ ಇಳಿದರೆ ಇನ್ನೂ ತಟ್ಟಿಸು. ಗಾತ್ರ ಎಷ್ಟು ಮಿಲಿ ಇಳಿಯಿತೋ ಅದನ್ನು ಮೊದಲ ಗಾತ್ರದಿಂದ ಭಾಗಿಸಿ ನೂರರಿಂದ ಗುಣಿಸು. 25 ದಾಟಿದರೆ ಪುಡಿ ಸರಾಗವಾಗಿ ಹರಿಯುವುದಿಲ್ಲ. ನುಣುಪು ಪುಡಿಗೆ 25 ದಾಟುವುದು ಮಾಮೂಲು, ಗಾಬರಿ ಬೇಡ. ಆದರೆ ಸುರಿಯುವಾಗ ಗಂಟು ಕಂಡರೆ ಆ ದಿನ ಕೋಣೆಯಲ್ಲಿ ಆರ್ದ್ರತೆ ಎಷ್ಟಿತ್ತು ಅಂತ ಪಕ್ಕದಲ್ಲೇ ಬರೆದಿಡು.