ಎತ್ತರಿಸಿದ ಪಿಕಪ್‌ಗೆ ದೊಡ್ಡ ಮುಂದಿನ ಡಿಫರೆನ್ಶಿಯಲ್: ನನ್ನ ಅನುಭವ

ಗಾಡಿ ಎತ್ತರಿಸಿ 35 ಇಂಚಿನ ಟೈರು ಹಾಕಿದ ಮೇಲೆ ಮುಂದಿನ ಡಿಫರೆನ್ಶಿಯಲ್ (ಎಂಜಿನ್ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳು) ಹಳೆಯದೇ ಇರಲಿ ಅಂತ ಬಿಡಬೇಡಿ. ನನ್ನದು 1990ರ ಟೊಯೋಟಾ ಪಿಕಪ್, 2.4 ಲೀಟರ್ ಪೆಟ್ರೋಲ್ ಎಂಜಿನ್. ಬೇರೆ ದೇಶಗಳಲ್ಲಿ ಹೈಲಕ್ಸ್ ಅಂತ ಮಾರಿದ ಗಾಡಿ ಇದು, ನಾನಿರುವ ಅಮೆರಿಕದಲ್ಲಿ ಬರೀ ಪಿಕಪ್.

ಇಲ್ಲಿ 1985ರವರೆಗೆ ಈ ಗಾಡಿಗೆ ಮುಂದೆಯೂ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ದಂಡ) ಇತ್ತು, ಡಿಫರೆನ್ಶಿಯಲ್ ಒಳಗಿನ ದೊಡ್ಡ ಹಲ್ಲಿನ ಗೇರ್, ಅಂದರೆ ಕ್ರೌನ್ ವೀಲ್, 8 ಇಂಚಿನದು. 1986ರಿಂದ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು, ಕ್ರೌನ್ 7.5 ಇಂಚಿಗೆ ಇಳಿಯಿತು. ಮಾಮೂಲಿ ಟೈರಿಗೆ ಅದು ಚೆನ್ನಾಗಿಯೇ ಸಾಕು. ಆದರೆ ಗಾಡಿ ಎತ್ತರಿಸಿದಷ್ಟೂ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಬಾಗುವ ಕೀಲು, ಅಂದರೆ ಸಿವಿ ಜಾಯಿಂಟ್, ಓರೆಯಾಗುತ್ತದೆ, ಓರೆಯಾಗಿ ತಿರುಗುವ ಜಾಯಿಂಟ್‌ಗೆ ತಾಕತ್ತು ಕಡಿಮೆ, ಅದರ ರಬ್ಬರ್ ಹೊದಿಕೆ (ಬೂಟು) ಕೂಡ ಬೇಗ ಹರಿಯುತ್ತದೆ. ಹಾಗಾಗಿ ನಾನು ಗುಜರಿಯಿಂದ ಹಳೆಯ ಗಟ್ಟಿ ಆಕ್ಸಲ್ ತಂದು, ಲೀಫ್ ಸ್ಪ್ರಿಂಗ್ ಮೇಲೆ ಕೂರಿಸಿದೆ. ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮುಟ್ಟಬೇಕಾಗಲಿಲ್ಲ.

ಒಳಗಿನ ಗೇರ್ ಮಾತ್ರ 80 ಸರಣಿಯ ಲ್ಯಾಂಡ್ ಕ್ರೂಸರ್‌ನ ಹೈ ಪಿನಿಯನ್ ಹಾಕಿದೆ, ಅಂದರೆ ಕ್ರೌನನ್ನು ತಿರುಗಿಸುವ ಚಿಕ್ಕ ಗೇರ್ (ಪಿನಿಯನ್) ಮೇಲ್ಗಡೆ ಕೂರುವಂಥದ್ದು. ಇದು ನನಗೆ ತುಂಬಾ ಇಷ್ಟವಾದ ಭಾಗ. ಮಾಮೂಲಿ ಗೇರನ್ನು ಮುಂದೆ ಹಾಕಿದರೆ ಗಾಡಿ ಮುಂದಕ್ಕೆ ಹೋಗುವಾಗ ಹಲ್ಲಿನ ದುರ್ಬಲ ಬದಿಯ ಮೇಲೆ ಭಾರ ಬೀಳುತ್ತದೆ. ಹೈ ಪಿನಿಯನ್‌ನಲ್ಲಿ ಹಲ್ಲು ಉಲ್ಟಾ ಕತ್ತರಿಸಿರುವುದರಿಂದ ಗಟ್ಟಿ ಬದಿಯೇ ಕೆಲಸ ಮಾಡುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಕೂಡ ಮೇಲೇರಿ ಕಲ್ಲಿಗೆ ತಾಗುವುದು ಕಡಿಮೆಯಾಗುತ್ತದೆ. ಹೌಸಿಂಗ್ ಒಳಗೆ ಸ್ವಲ್ಪ ಗ್ರೈಂಡ್ ಮಾಡಬೇಕಾಗಬಹುದು, ಅಷ್ಟೇ.

ಏನೇ ಕೊಳ್ಳುವ ಮುಂಚೆ ರೇಷಿಯೋ (ಕ್ರೌನ್ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದ ಅಂಕಿ) ಲೆಕ್ಕ ಹಾಕಿ. ಸುಮಾರು 28 ಇಂಚಿನ ಟೈರಿಗೆ 4.10 ಇತ್ತು ಅಂದುಕೊಳ್ಳಿ, 35ಕ್ಕೆ ಅದೇ ಎಳೆತ ಬೇಕೆಂದರೆ 5.1 ಆಸುಪಾಸು ಬರುತ್ತದೆ. ನಾನು 5.29 ಆರಿಸಿದೆ, ಕ್ರೌನ್‌ಗೆ 37 ಹಲ್ಲು, ಪಿನಿಯನ್‌ಗೆ 7. ಹಿಂದಿನದಕ್ಕೂ ಅದೇ ಹಾಕಲೇಬೇಕು. ಮುಂದೊಂದು ಹಿಂದೊಂದು ಇಟ್ಟು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಏನಾದರೂ ಮುರಿಯುತ್ತದೆ.

ಇನ್ನು ಗೇರ್ ಸೆಟ್ ಮಾಡುವುದು. ವೆಲ್ಡಿಂಗ್, ಸ್ಟೀರಿಂಗ್ ಎಲ್ಲ ಸಾಕಷ್ಟು ಕೆಲಸವೇ, ಆದರೆ ತಾಳ್ಮೆ ಬೇಕಾಗುವುದು ಇಲ್ಲಿ. ಟೊಯೋಟಾದಲ್ಲಿ ಪೂರ್ತಿ ಕ್ರೌನ್ ಪಿನಿಯನ್ ಒಂದೇ ಗಂಟಾಗಿ ಹೊರಬರುವುದರಿಂದ ಗಾಡಿ ಕೆಳಗೆ ಮಲಗದೆ ಮೇಜಿನ ಮೇಲೇ ಮಾಡಬಹುದು. ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಪ್ಲೇ 0.13ರಿಂದ 0.18 ಮಿಲಿಮೀಟರ್ ಒಳಗೆ ತಂದೆ. ಆಮೇಲೆ ಹಲ್ಲಿಗೆ ಬಣ್ಣದ ಪೇಸ್ಟ್ ಹಚ್ಚಿ ತಿರುಗಿಸಿ ಗುರುತು ನೋಡಬೇಕು. ಗುರುತು ಹಲ್ಲಿನ ಬುಡಕ್ಕೆ ಬಿದ್ದರೆ ಪಿನಿಯನ್ ಜಾಸ್ತಿ ಒಳಗಿದೆ, ಮೇಲಂಚಿಗೆ ಬಿದ್ದರೆ ಹೊರಗಿದೆ. ಪಿನಿಯನ್ ಜಾಗ ಹೊಂದಿಸುವ ತೆಳು ಬಿಲ್ಲೆ (ಶಿಮ್) ಬದಲಾಯಿಸಿ ಮತ್ತೆ ಮತ್ತೆ ನೋಡುವುದು. ಪ್ರತಿ ಸಲ ಬೇರಿಂಗ್ ಪ್ರೆಸ್ ಮಾಡಿ ತೆಗೆಯುತ್ತಾ ಕೂತರೆ ಬೇರಿಂಗೇ ಹಾಳಾಗುತ್ತದೆ, ಅದಕ್ಕೆ ಪರೀಕ್ಷೆಗೆಂದೇ ಹಳೆಯ ಬೇರಿಂಗ್ ಒಂದರ ಒಳಭಾಗ ಸ್ವಲ್ಪ ಉಜ್ಜಿ ಸಡಿಲ ಮಾಡಿಟ್ಟುಕೊಳ್ಳಿ. ಗುರುತು ಸರಿಹೋದ ಮೇಲೆ ಹೊಸದು ಕೂರಿಸಿ.

ಆಕ್ಸಲ್ ಒಳಗಿನ ಆಯಿಲ್ ಸೀಲ್ ಹೊಸದೇ ಹಾಕಿ. ಅದು ಸೋರಿದರೆ ಡಿಫರೆನ್ಶಿಯಲ್ ಎಣ್ಣೆ ಚಕ್ರದ ಹತ್ತಿರದ ಜಾಯಿಂಟಿನ ಗ್ರೀಸ್ ಜೊತೆ ಸೇರಿ ನೀರಾಗಿ ಹರಿಯುತ್ತದೆ.

ಹೊಸ ಗೇರ್ ಪಳಗಿಸುವಾಗ ಒಂದು ವಿಷಯ ನೆನಪಿರಲಿ. ಹಿಂದಿನದು ರಸ್ತೆಯಲ್ಲಿ ತಾನಾಗೇ ಪಳಗುತ್ತದೆ, ಆದರೆ ಮುಂದಿನ ಹಬ್ (ಚಕ್ರವನ್ನು ಆಕ್ಸಲ್‌ಗೆ ಜೋಡಿಸುವ ಭಾಗ) ಲಾಕ್ ಮಾಡದಿದ್ದರೆ ಅಲ್ಲಿನ ಗೇರ್ ತಿರುಗುವುದೇ ಇಲ್ಲ. ನಾನು ಹಬ್ ಲಾಕ್ ಮಾಡಿ, ಫೋರ್ ವೀಲ್ ಹಾಕಿ, ಮಣ್ಣಿನ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ, ಆಗಾಗ ನಿಲ್ಲಿಸಿ ಹೌಸಿಂಗ್ ತಣಿಯಲು ಬಿಟ್ಟೆ. ಬಂಡೆ ಹತ್ತಿಸುವುದು, ಭಾರ ಎಳೆಯುವುದು ಆಗ ಬೇಡ. 500 ಮೈಲಿಗೆ ಎಣ್ಣೆ ಇಳಿಸಿ, ಹೊಸ ಜಿಎಲ್-5 ದರ್ಜೆಯ ಗೇರ್ ಆಯಿಲ್ ತುಂಬಿ.