ಮೊದಲು ಉಸಿರು, ಆಮೇಲೆ ಕಾಲು

ಪಿಲಾಟೀಸ್ ಅಂದರೆ ಉಸಿರಿನ ಜೊತೆ ನಡುವಿನ ಸ್ನಾಯುಗಳನ್ನು ಗಟ್ಟಿಮಾಡುವ ವ್ಯಾಯಾಮ ಪದ್ಧತಿ. ಅದಕ್ಕೆ ಮ್ಯಾಟ್ ಹಾಸಿದ ಮೇಲೆ ನಾನು ಮೊದಲು ಮಾಡುವುದು ಅಂಗಾತ ಮಲಗಿ ಉಸಿರಾಡುವುದಷ್ಟೇ. ಮಂಡಿ ಮಡಚಿ, ಪಾದ ನೆಲಕ್ಕೂರಿ, ಹೊಟ್ಟೆಯ ಮೇಲೊಂದು ಕೈ, ಪಕ್ಕೆಯ ಮೇಲೊಂದು ಕೈ. 4 ಎಣಿಸುತ್ತಾ ಮೂಗಿನಿಂದ ಎಳೆದು, 6 ಎಣಿಸುತ್ತಾ ಬಾಯಿಂದ ಬಿಡುತ್ತೇನೆ. ಹೊಟ್ಟೆ ಏಳಬೇಕು, ಭುಜ ಏಳಬಾರದು.

ವ್ಯಾಯಾಮ ಶುರುವಾದಾಗ ಉಸಿರಿನ ಜಾಗ ಬದಲಾಗುತ್ತದೆ. ಹೊಟ್ಟೆ ಉಬ್ಬಿಸುತ್ತಾ ಹೋದರೆ ನಡುವಿನ ಬಿಗಿ ನಿಲ್ಲುವುದಿಲ್ಲ. ಗಾಳಿ ಪಕ್ಕೆಗಳಿಗೆ, ಬೆನ್ನಿನ ಕಡೆಗೆ ಹೋಗಬೇಕು. ನನಗೆ ಇದು ಸುಲಭಕ್ಕೆ ಒಲಿಯಲಿಲ್ಲ. ಎದೆಯ ಕೆಳಭಾಗಕ್ಕೆ ಉದ್ದನೆಯ ಬಟ್ಟೆ ಸುತ್ತಿ, ತುದಿಗಳನ್ನು ಹಿಡಿದು, ಉಸಿರೆಳೆದಾಗ ಅದು ಎರಡೂ ಪಕ್ಕ ಸಮನಾಗಿ ಬಿಗಿಯುವಂತೆ ಮಾಡಿದೆ. ಪಕ್ಕೆಗಳು ಆಗಲೇ ತೆರೆದುಕೊಂಡದ್ದು.

ಉಸಿರೆಳೆದಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ಕೆಳಗಿಳಿಯುತ್ತದೆ, ಅದರ ಜೊತೆ ಕಿಬ್ಬೊಟ್ಟೆಯ ತಳದ ಸ್ನಾಯುಗಳೂ ತುಸು ಇಳಿಯುತ್ತವೆ. ಬಿಟ್ಟಾಗ ಎರಡೂ ಮೇಲೇರುತ್ತವೆ. ಪೂರ್ತಿಯಾಗಿ ಬಿಟ್ಟರೆ ಹೊಟ್ಟೆಯನ್ನು ನಡುಪಟ್ಟಿಯ ಹಾಗೆ ಸುತ್ತಿರುವ ಒಳಸ್ನಾಯು ಬಿಗಿಯುವುದು ಕೈಗೇ ತಿಳಿಯುತ್ತದೆ. ಅದಕ್ಕೇ ಶ್ರಮದ ಭಾಗವನ್ನೆಲ್ಲ ನಾನು ಉಸಿರು ಬಿಡುವ ಹೊತ್ತಿಗೆ ಇಟ್ಟುಕೊಳ್ಳುತ್ತೇನೆ.

ಟೋ ಟ್ಯಾಪ್ ನೋಡಿ, ಅಂಗಾತ ಮಲಗಿ ಒಂದೊಂದೇ ಕಾಲು ಇಳಿಸಿ ಬೆರಳನ್ನು ನೆಲಕ್ಕೆ ತಾಗಿಸುವುದು. ಎರಡೂ ಕಾಲು ಮೇಲೆ, ಮಂಡಿ 90 ಡಿಗ್ರಿ. ಮೊದಲು ಉಸಿರು ಬಿಡಲು ಶುರು, ಹೊಟ್ಟೆ ಒಳಗೆ ಸೇದಿದ್ದು ಗೊತ್ತಾದ ಮೇಲೆ ಒಂದು ಕಾಲು ಇಳಿಯುತ್ತದೆ. ಈ ಅರೆಕ್ಷಣದ ಅಂತರದಲ್ಲೇ ಎಲ್ಲ ಇದೆ ಅಂತ ನನ್ನ ನಂಬಿಕೆ; ಕಾಲು ಮೊದಲು ಇಳಿದರೆ ಸೊಂಟ ಮೇಲೇಳುತ್ತದೆ, ಭಾರ ಬೆನ್ನಿಗೆ ಬೀಳುತ್ತದೆ. ಹೊಟ್ಟೆಯ ನಡುಗೆರೆ ಗುಬುಟಿನಂತೆ ಉಬ್ಬಿದರೆ ಕಾಲನ್ನು ಕಡಿಮೆ ಇಳಿಸುತ್ತೇನೆ. ಬ್ರಿಡ್ಜ್‌ನಲ್ಲೂ ಸೊಂಟ ನೆಲದಿಂದ ಮೇಲೇಳುವುದು ಬಿಡುವ ಉಸಿರಿನಲ್ಲೇ.

ಈ ಪದ್ಧತಿಯನ್ನು ರೂಪಿಸಿದ ಜೋಸೆಫ್ ಪಿಲಾಟೀಸ್ (1883–1967) ಬಾಲ್ಯದಲ್ಲಿ ಅಸ್ತಮಾದಿಂದ ನರಳಿದವರು. ಅವರ ಪದ್ಧತಿಯಲ್ಲಿ ಉಸಿರಿಗೆ ಸಿಕ್ಕಿರುವ ಜಾಗ ದೊಡ್ಡದು. ಅವರ ‘ಹಂಡ್ರೆಡ್’ನಲ್ಲಿ ಮಲಗಿ ತಲೆ, ಕಾಲು ಎತ್ತಿ, ಕೈ ಮೇಲೆ ಕೆಳಗೆ ಬಡಿಯುತ್ತಾ 5 ಎಣಿಕೆಗೆ ಎಳೆದು 5ಕ್ಕೆ ಬಿಡಬೇಕು, ಹೀಗೆ 10 ಸುತ್ತು. ಸಾಂಪ್ರದಾಯಿಕ ಕ್ರಮದಲ್ಲಿ ಅದೇ ಮೊದಲು. ನಾನು ಕೊನೆಗೆ ಇಟ್ಟಿದ್ದೇನೆ, ಉಸಿರು ಹದಕ್ಕೆ ಬರುವ ಮುಂಚೆ ಮಾಡಿದರೆ ಕೆಲಸವೆಲ್ಲ ಕುತ್ತಿಗೆಗೆ ಹೋಗುತ್ತದೆ. ತಲೆ ನೆಲದ ಮೇಲಿಟ್ಟು ಮಾಡಿದರೂ ಹೊಟ್ಟೆಗೆ ಸಾಕಷ್ಟು ಕೆಲಸವಿದೆ.

ಉಸಿರು ಕಟ್ಟಿ ಮಾಡಿದರೆ ರಕ್ತದೊತ್ತಡ ಏರುತ್ತದೆ. ಬಿಪಿ ಇರುವವರು, ಹೊಸದಾಗಿ ಹೆತ್ತವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ. ತಲೆ ಸುತ್ತಿದರೆ ನಿಲ್ಲಿಸಿ ಸಹಜವಾಗಿ ಉಸಿರಾಡಬೇಕು.

ಸದ್ಯ ರೋಲ್ ಅಪ್ ಕಲಿಯುತ್ತಿದ್ದೇನೆ, ಮಲಗಿದಲ್ಲಿಂದ ಬೆನ್ನನ್ನು ಸುರುಳಿಯಂತೆ ಎತ್ತುತ್ತಾ ಎದ್ದು ಕೂರುವುದು. ಅರ್ಧ ದಾರಿಯಲ್ಲಿ ಉಸಿರು ಮುಗಿದುಹೋಗುತ್ತದೆ, ಮಂಡಿ ತುಸು ಮಡಚಿಕೊಂಡರೆ ಒಂದೇ ಉಸಿರಿನಲ್ಲಿ ಮೇಲೆ ಬರಲು ಆಗುತ್ತಿದೆ.